ಚುಕ್ಕಿಗಳ ಲೆಕ್ಕವೂ ಚಿತ್ರದ ಚೆಲುವೂ

ಒಂದು ವಸ್ತುವಿನ ಗುಣವನ್ನು ಮಾತಿನಲ್ಲಿ ಬಣ್ಣಿಸಿದರೆ ನಾವು ಸಂಶಯಪಡುತ್ತೇವೆ; ಅದನ್ನೇ ಒಂದು ಅಂಕಿಯಾಗಿ ಮುಂದಿಟ್ಟರೆ ಒಡನೆಯೇ ತಲೆದೂಗುತ್ತೇವೆ. ಸಂಖ್ಯೆಯಿರುವಲ್ಲಿ ವಿಜ್ಞಾನವಿದೆಯೆಂಬ ಭಾವನೆ ನಮ್ಮ ಕಾಲದಲ್ಲಿ ಅಷ್ಟು ಆಳವಾಗಿ ಬೇರೂರಿದೆ. ವ್ಯಾಪಾರಿಗಳಿಗೆ ಈ ಮರ್ಮ ಚೆನ್ನಾಗಿ ಗೊತ್ತು. ಆದರೆ ಒಂದು ಸಂಖ್ಯೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂದು ಕೇಳದೆ ಅದನ್ನು ಒಪ್ಪಿಕೊಳ್ಳುವುದು ವಿಜ್ಞಾನವಲ್ಲ. ಅದು ಹೊಸ ವೇಷ ತೊಟ್ಟ ಹಳೆಯ ಮೂಢನಂಬಿಕೆಯೇ ಸರಿ. ಇಂದಿನ ವಿದ್ಯಾರ್ಥಿಗಳ ಬಾಯಲ್ಲಿ ಸದಾ ಇರುವ ಅಂತಹ ಒಂದು ಸಂಖ್ಯೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ. ಅದು ವಿಡಿಯೋ ಆಟಗಳ ಪರದೆಯ ಮೇಲಿನ ಚುಕ್ಕಿಗಳ ಸಂಖ್ಯೆ.

ಟೆಲಿವಿಷನ್ ಪರದೆಯ ಚಿತ್ರವು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಪುಟ್ಟ ಚುಕ್ಕಿಗಳಿಂದಾದುದು. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಒಟ್ಟು ಚುಕ್ಕಿಗಳ ಲೆಕ್ಕಕ್ಕೆ ರೆಸೊಲ್ಯೂಷನ್ ಎಂದು ಹೆಸರು. 1280 ಅಡ್ಡ, 720 ಉದ್ದದ ಪರದೆಯಲ್ಲಿ 9,21,600 ಚುಕ್ಕಿಗಳಿವೆ. 1920 ಅಡ್ಡ, 1080 ಉದ್ದದಲ್ಲಿ 20,73,600. ಈಗ ಮನೆಮಾತಾಗಿರುವ ‘4ಕೆ’ ಎಂಬುದರಲ್ಲಿ 3840 ಅಡ್ಡ, 2160 ಉದ್ದ, ಒಟ್ಟು 82,94,400. ಎರಡನೆಯದಕ್ಕಿಂತ ಮೂರನೆಯದು ಸರಿಯಾಗಿ ನಾಲ್ಕು ಪಟ್ಟು. ಚುಕ್ಕಿ ಹೆಚ್ಚಿದಷ್ಟೂ ಚಿತ್ರ ಚೆನ್ನು ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯಲ್ಲಿ ಸತ್ಯಾಂಶ ಉಂಟು. ಆದರೆ ಅದು ಪೂರ್ಣ ಸತ್ಯವಲ್ಲವೆಂಬುದು ನಮ್ಮ ವಾದ.

ಆಟದ ವಿಷಯಕ್ಕೆ ಇಷ್ಟು ಗಂಭೀರ ಚರ್ಚೆ ಏಕೆಂದು ಹಿರಿಯರು ಕೇಳಬಹುದು. ಭೌತಶಾಸ್ತ್ರ ಬೋಧಿಸುವ ನಮಗೆ ಇದರಲ್ಲಿ ಎರಡು ಕಾರಣಗಳು ಕಾಣುತ್ತವೆ. ಒಂದು, ಹಣ. 2021ರಲ್ಲಿ ಪ್ಲೇಸ್ಟೇಷನ್ 5 ಎಂಬ ಯಂತ್ರ ಭಾರತದ ಅಂಗಡಿಗಳಿಗೆ ಬಂದಾಗ ಅದರ ಬೆಲೆ 49,990 ರೂಪಾಯಿ. ಅದಕ್ಕೆ ತಕ್ಕ ಪರದೆಯೂ ಬೇಕೆಂದು ಮಗ ಹಟ ಹಿಡಿದರೆ, ನಾಗಮಂಗಲದ ಒಣಭೂಮಿಯಲ್ಲಿ ರಾಗಿ ಬೆಳೆಯುವ ತಂದೆಗೆ ಅದು ಸಣ್ಣ ಮಾತಲ್ಲ. ಇನ್ನೊಂದು ಕಾರಣ, ಬುದ್ಧಿಯ ಶಿಕ್ಷಣ. ಈ ಚುಕ್ಕಿಗಳ ಲೆಕ್ಕದಲ್ಲಿ ತಪ್ಪುವವನು ಇತರ ಅಳತೆಗಳಲ್ಲಿಯೂ ತಪ್ಪುವ ಸಂಭವವುಂಟು.

ಲೆಕ್ಕವನ್ನು ನಮ್ಮ ಜಿಲ್ಲೆಯ ಅನುಭವದಿಂದಲೇ ಆರಂಭಿಸೋಣ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ರೈತರಿಗೆ ವಿಶ್ವೇಶ್ವರಯ್ಯ ನಾಲೆಯ ನೀರಿನ ಹಂಚಿಕೆ ಪರಿಚಿತವಾದ ವಿಷಯ. ಒಂದು ತೂಬಿನಿಂದ ಬರುವ ನೀರಿನ ಪ್ರಮಾಣ ಗೊತ್ತಾಗಿದೆಯೆನ್ನೋಣ. ಅದರಡಿಯಲ್ಲಿ ಹತ್ತು ಎಕರೆಯಿದ್ದಾಗ ಭತ್ತ ಸೊಂಪಾಗಿ ಬೆಳೆಯುತ್ತದೆ. ಅದೇ ತೂಬಿನ ಕೆಳಗೆ ನಲವತ್ತು ಎಕರೆಯನ್ನು ತಂದರೆ ಅಚ್ಚುಕಟ್ಟಿನ ವಿಸ್ತಾರವೇನೋ ನಾಲ್ಕರಷ್ಟಾಯಿತು. ಆದರೆ ಎಕರೆಯೊಂದಕ್ಕೆ ದೊರೆಯುವ ನೀರು ಕಾಲುಭಾಗಕ್ಕೆ ಇಳಿಯಿತು. ವಿಸ್ತಾರದ ಅಂಕಿಯನ್ನು ಮಾತ್ರ ನೋಡುವವನು ಇದನ್ನು ಪ್ರಗತಿಯೆನ್ನುವನು. ಗದ್ದೆಯ ಬದುವಿನ ಮೇಲೆ ನಿಂತವನು ಪೈರನ್ನು ನೋಡಿ ಬೇರೆಯ ಮಾತನ್ನಾಡುವನು.

ಆಟದ ಯಂತ್ರದಲ್ಲಿ ನೀರಿನ ಸ್ಥಾನದಲ್ಲಿರುವುದು ಗಣನಶಕ್ತಿ. ಚಲನಚಿತ್ರದಂತೆ ಆಟದ ಚಿತ್ರ ಮೊದಲೇ ಸಿದ್ಧವಾಗಿರುವುದಿಲ್ಲ. ಆಡುವವನು ಯಾವ ಕಡೆ ತಿರುಗುವನೆಂಬುದು ಯಂತ್ರಕ್ಕೆ ತಿಳಿಯದು. ಆದಕಾರಣ ಪ್ರತಿಯೊಂದು ಪಟವನ್ನೂ ಅದು ಆ ಕ್ಷಣದಲ್ಲಿಯೇ ಬರೆಯಬೇಕು. ಸೆಕೆಂಡಿಗೆ 30 ಪಟಗಳೆಂದರೆ ಒಂದು ಪಟಕ್ಕೆ ದೊರೆಯುವ ಕಾಲ ಸೆಕೆಂಡಿನ ಮೂವತ್ತನೆಯ ಒಂದು ಭಾಗ. 60 ಪಟಗಳಾದರೆ ಅದರಲ್ಲಿಯೂ ಅರ್ಧ. ಇಷ್ಟರೊಳಗೆ ಒಂದೊಂದು ಚುಕ್ಕಿಯ ವಿಷಯದಲ್ಲಿಯೂ ಯಂತ್ರವು ಹಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಇಲ್ಲಿ ಕಾಣಬೇಕಾದುದು ಎಲೆಯೋ, ಕಲ್ಲೋ, ನೀರೋ? ಸೂರ್ಯನ ಬೆಳಕು ಇದರ ಮೇಲೆ ನೇರವಾಗಿ ಬೀಳುತ್ತಿದೆಯೆ, ಮರದ ನೆರಳು ಅಡ್ಡ ಬಂದಿದೆಯೆ? ಪಕ್ಕದ ಗೋಡೆಯಿಂದ ಚದುರಿದ ಬೆಳಕೆಷ್ಟು? ನಡುವೆ ಮಂಜಿದೆಯೆ? ಈ ಪ್ರಶ್ನೆಗಳಿಗೆ ಹೆಚ್ಚು ಶ್ರಮಪಟ್ಟು ಉತ್ತರಿಸಿದಷ್ಟೂ ಚಿತ್ರ ನಿಜಕ್ಕೆ ಹತ್ತಿರವಾಗುತ್ತದೆ. ಚುಕ್ಕಿಗಳನ್ನು ಹೆಚ್ಚಿಸುವುದಕ್ಕೂ ಒಂದೊಂದು ಚುಕ್ಕಿಗಾಗಿ ಹೆಚ್ಚು ದುಡಿಯುವುದಕ್ಕೂ ಶಕ್ತಿ ಬರುವುದು ಒಂದೇ ತೂಬಿನಿಂದ. ಇದೇ ಈ ವಿಷಯದ ತಿರುಳು.

ಈ ಹಂಚಿಕೆಯ ನಿಜವಾದ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರು ಈ ಉದ್ಯಮದಲ್ಲಿ ಹಳೆಯ ಹೆಸರು. ರಾಜೇಶ್ ರಾವ್ ಅವರು 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಅಲ್ಲಿಯೇ ಹುಟ್ಟಿ ಬೆಳೆದ ಸಂಸ್ಥೆ. ಹೊರದೇಶಗಳ ಆಟಗಳಿಗೆ ಬೇಕಾದ ಚಿತ್ರಕಾರ್ಯವನ್ನು ಅದು ವರ್ಷಗಟ್ಟಲೆ ಮಾಡಿಕೊಟ್ಟಿತು. 2016ರಲ್ಲಿ ರಾಕ್‌ಸ್ಟಾರ್ ಎಂಬ ಹೆಸರಾಂತ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಶಾಖೆಯನ್ನು ತೆರೆಯಿತು. 2019ರಲ್ಲಿ ಧ್ರುವ ಸಂಸ್ಥೆಯೂ ಅದರಲ್ಲಿ ಸೇರಿತು. 2018ರ ಅಕ್ಟೋಬರ್ 26ರಂದು ಹೊರಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಆಟವನ್ನು ನಿರ್ಮಿಸಿದ ಶಾಖೆಗಳಲ್ಲಿ ಬೆಂಗಳೂರಿನದೂ ಒಂದು. ಹುಲ್ಲುಗಾವಲು, ಹಿಮ, ಸಂಜೆಯ ಮಂಜು, ಕುದುರೆಯ ಕೇಸರ ಇವುಗಳ ಚಿತ್ರಣಕ್ಕೆ ಆ ಆಟ ಪ್ರಸಿದ್ಧವಾಯಿತು. ನಮ್ಮ ವಾದಕ್ಕೆ ಅದು ಬೇರೊಂದು ಕಾರಣದಿಂದ ಉಪಯುಕ್ತ: ಒಂದೇ ಆಟವನ್ನು ಬೇರೆಬೇರೆ ಬಲದ ಯಂತ್ರಗಳಿಗೆ ಹೊಂದಿಸಬೇಕಾಗಿ ಬಂದಾಗ ನಿರ್ಮಾಪಕರು ಬೇರೆಬೇರೆ ದಾರಿ ಹಿಡಿದರು.

ಅಂಕಿಗಳನ್ನು ನೋಡೋಣ. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರ ಚಿತ್ರಗಣಕವು ಸೆಕೆಂಡಿಗೆ ಹೆಚ್ಚೆಂದರೆ 1.84 ಲಕ್ಷ ಕೋಟಿ ಗಣನೆಗಳನ್ನು ಮಾಡಬಲ್ಲುದು. ಅದರಲ್ಲಿ ಈ ಆಟ 1920×1080 ಚುಕ್ಕಿಗಳಲ್ಲಿ, ಸೆಕೆಂಡಿಗೆ 30 ಪಟಗಳಂತೆ ಓಡಿತು. ಭಾಗಾಕಾರ ಮಾಡಿದರೆ ಪಟವೊಂದರಲ್ಲಿ ಚುಕ್ಕಿಯೊಂದರ ಪಾಲಿಗೆ ಸುಮಾರು 29,600 ಗಣನೆಗಳು ಬರುತ್ತವೆ. 2016ರ ಪ್ಲೇಸ್ಟೇಷನ್ 4 ಪ್ರೊ ಯಂತ್ರದ ಬಲ 4.2 ಲಕ್ಷ ಕೋಟಿ. ಎಂದರೆ ಹಿಂದಿನದರ ಸುಮಾರು 2.3ರಷ್ಟು. ಆದರೆ ಈ ಯಂತ್ರವನ್ನು ಮಾರಿದ್ದು 4ಕೆ ಎಂಬ ಹೆಸರಿನಲ್ಲಿ. 4ಕೆ ಕೇಳುವುದು ನಾಲ್ಕರಷ್ಟು ಚುಕ್ಕಿಗಳನ್ನು! ಎಲ್ಲ ಚುಕ್ಕಿಗಳನ್ನೂ ಹೊಸದಾಗಿ ಬರೆಯಹೊರಟರೆ ಒಂದೊಂದರ ಪಾಲಿಗೆ ಸುಮಾರು 16,900 ಗಣನೆಗಳು ಮಾತ್ರ. ಹೊಸ ಯಂತ್ರ ಕೊಂಡವನ ಚುಕ್ಕಿಯು ಹಳೆಯ ಯಂತ್ರದವನ ಚುಕ್ಕಿಗಿಂತ ಬಡವಾಯಿತೆಂದಾಯಿತು.

ನಿರ್ಮಾಪಕರು ಏನು ಮಾಡಿದರು? ಉದ್ದದಲ್ಲಿ 2160 ಸಾಲುಗಳನ್ನಿಟ್ಟುಕೊಂಡು ಅಡ್ಡದಲ್ಲಿ 1920 ಚುಕ್ಕಿಗಳನ್ನು ಮಾತ್ರ ಬರೆದರು. ಒಟ್ಟು 41,47,200, ಎಂದರೆ 4ಕೆಯ ಅರ್ಧ. ಉಳಿದರ್ಧವನ್ನು ಈಗಾಗಲೇ ಬರೆದ ಚುಕ್ಕಿಗಳ ಆಧಾರದಿಂದ ತುಂಬಿಸಿದರು. ಇಂತಹ ಉಪಾಯಗಳಲ್ಲಿ ಬಹಳ ಬಳಕೆಯಾದುದು ಚದುರಂಗದ ಮಣೆಯ ರೀತಿ. ಮಣೆಯ ಬಿಳಿ ಮನೆಗಳನ್ನು ಒಂದು ಪಟದಲ್ಲಿ, ಕಪ್ಪು ಮನೆಗಳನ್ನು ಮುಂದಿನ ಪಟದಲ್ಲಿ ಬರೆದು, ಹಳೆಯದನ್ನೂ ಹೊಸದನ್ನೂ ಕೂಡಿಸಿ ಪೂರ್ಣ ಚಿತ್ರವನ್ನು ಕಟ್ಟುವುದು ಅದರ ಕ್ರಮ. ನೀರು ಸಾಲದ ವರ್ಷ ನಾಲೆಯ ಅಚ್ಚುಕಟ್ಟಿಗೆ ಸರದಿಯ ಮೇಲೆ ನೀರು ಬಿಡುವ ಕಟ್ಟು ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಅರ್ಧ ಬರೆದುದರಿಂದ ಚುಕ್ಕಿಯೊಂದರ ಪಾಲು ಸುಮಾರು 33,800 ಗಣನೆಗಳಿಗೆ ಏರಿತು. ನೆರಳು ಬೆಳಕುಗಳ ಸಂಪತ್ತು ಉಳಿಯಿತು.

ಆದರೆ ಯಾವುದೂ ಬಿಟ್ಟಿಯಾಗಿ ಬರುವುದಿಲ್ಲ. ವಸ್ತುಗಳು ಚಲಿಸುವಾಗ ಹಳೆಯ ಪಟದ ಚುಕ್ಕಿ ಹೊಸ ಪಟಕ್ಕೆ ಹೊಂದದು. ಎಲೆಗೊಂಚಲು, ಕೂದಲು ಮುಂತಾದ ನವುರಾದ ಭಾಗಗಳಲ್ಲಿ ಪ್ರೊ ಯಂತ್ರದ ಚಿತ್ರ ಮಸುಕಾಗಿದೆಯೆಂದು ಆಗಲೇ ಪರೀಕ್ಷಕರು ಗುರುತಿಸಿದರು. 2017ರ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಯಂತ್ರದ ಬಲ 6 ಲಕ್ಷ ಕೋಟಿ. ಸ್ಮರಣಕೋಶದ ವೇಗವೂ ಹೆಚ್ಚು. ಅದರಲ್ಲಿ ಇದೇ ಆಟ 4ಕೆಯ ಎಲ್ಲ ಚುಕ್ಕಿಗಳನ್ನೂ ತಾನೇ ಬರೆಯಿತು; ಅಲ್ಲಿ ಚಿತ್ರ ಎದ್ದುಕಾಣುವಷ್ಟು ಸ್ಪಷ್ಟವಾಗಿತ್ತು. ಇದನ್ನು ನಾವು ಮರೆಮಾಚುವುದಿಲ್ಲ. ಚುಕ್ಕಿಗಳ ಸಂಖ್ಯೆಗೆ ಬೆಲೆಯಿಲ್ಲವೆಂದು ನಾವು ವಾದಿಸುತ್ತಿಲ್ಲ. ಭಾಗಾಕಾರದಿಂದ ಬಂದ ನಮ್ಮ ಅಂಕಿಗಳೂ ಸ್ಥೂಲವಾದವು. ಯಂತ್ರದ ಪೂರ್ಣ ಬಲ ಎಂದೂ ಕೆಲಸಕ್ಕೆ ಒದಗದು, ಎಲ್ಲ ಕೆಲಸವೂ ಚುಕ್ಕಿಗಳ ಲೆಕ್ಕದಂತೆ ಏರಿಳಿಯದು. ನಮ್ಮ ಮಾತು ಇಷ್ಟೆ: ಪೆಟ್ಟಿಗೆಯ ಮೇಲೆ ಎರಡು ಯಂತ್ರಗಳದೂ 4ಕೆಯೇ. ಒಂದರಲ್ಲಿ ಪೂರ್ಣ ಬರೆದ ಚಿತ್ರ, ಇನ್ನೊಂದರಲ್ಲಿ ಅರ್ಧ ಬರೆದು ಅರ್ಧ ತುಂಬಿದ ಚಿತ್ರ. ಇಷ್ಟು ದೊಡ್ಡ ಅಂತರವನ್ನು ಹೇಳಲಾರದ ಸಂಖ್ಯೆಯನ್ನು ಗುಣದ ಅಳತೆಗೋಲೆಂದು ಹೇಗೆ ನಂಬುವುದು?

ಯಂತ್ರದ ಕಡೆಯ ಮಾತಾಯಿತು. ಇನ್ನು ನೋಡುವ ಕಣ್ಣಿನ ಕಡೆಗೆ ಬರೋಣ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಸುತ್ತಣ ಕಾಡು 1981ರಲ್ಲಿ ನವಿಲುಧಾಮವೆಂದು ಘೋಷಿತವಾಯಿತು. ಅಲ್ಲಿನ ಬಂಡೆಯ ಮೇಲೆ ಗರಿಗೆದರಿ ನಿಂತ ನವಿಲನ್ನು ಮೂವತ್ತು ಮೀಟರ್ ದೂರದಿಂದ ನೋಡಿದಾಗ ಗರಿಯ ಕಣ್ಣುಗಳು ಕಾಣುತ್ತವೆ; ಗರಿಯ ಒಂದೊಂದು ಎಳೆ ಕಾಣುವುದಿಲ್ಲ. ಏಕೆ? ಸಾಧಾರಣ ಕಣ್ಣಿನ ಪೃಥಕ್ಕರಣ ಸಾಮರ್ಥ್ಯ ಸುಮಾರು ಒಂದು ಕೋನಮಿನಿಟು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಮೂವತ್ತು ಮೀಟರ್ ದೂರದಲ್ಲಿ ಅದು ಸುಮಾರು 9 ಮಿಲಿಮೀಟರಿಗೆ ಸಮ. ಅದಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಕಣ್ಣಿಗೆ ಒಂದಾಗಿಯೇ ತೋರುತ್ತವೆ. ಎಳೆಗಳನ್ನೆಲ್ಲ ಎಣಿಸಲಾಗದಿದ್ದರೂ ನವಿಲಿನ ಚೆಲುವಿಗೆ ಕೊರತೆಯೇನೂ ಆಗುವುದಿಲ್ಲವಷ್ಟೆ.

ಈ ಲೆಕ್ಕವನ್ನು ನಡುಮನೆಗೆ ತನ್ನಿ. 43 ಅಂಗುಲದ ಟೆಲಿವಿಷನ್ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಅದರಲ್ಲಿ 1920 ಚುಕ್ಕಿಗಳಿದ್ದರೆ ಒಂದರ ಅಗಲ ಸುಮಾರು ಅರ್ಧ ಮಿಲಿಮೀಟರ್. 3840 ಇದ್ದರೆ ಕಾಲು ಮಿಲಿಮೀಟರ್. ಎರಡೂವರೆ ಮೀಟರ್ ದೂರದಲ್ಲಿ ಕುಳಿತವನ ಕಣ್ಣಿನ ಮಿತಿ ಸುಮಾರು 0.73 ಮಿಲಿಮೀಟರ್. ಅರ್ಧ ಮಿಲಿಮೀಟರಿನ ಚುಕ್ಕಿಯೇ ಈ ಮಿತಿಯ ಒಳಗೆ ಅಡಗಿಹೋಗಿರುವಾಗ ಅದನ್ನು ಇನ್ನೂ ಒಡೆದು ಫಲವೇನು? ಅದೇ 65 ಅಂಗುಲದ ಪರದೆಯ ಮುಂದೆ ಎರಡು ಮೀಟರಿನಲ್ಲಿ ಕುಳಿತವನಿಗಾದರೋ ಪ್ರಯೋಜನ ನಿಜವಾಗಿಯೂ ಉಂಟು. ಆದುದರಿಂದ ಕೊಳ್ಳುವ ಮುನ್ನ ಅಳೆಯಬೇಕಾದುದು ಪರದೆಯನ್ನು ಮಾತ್ರವಲ್ಲ, ಗೋಡೆಗೂ ಕುರ್ಚಿಗೂ ನಡುವಣ ದೂರವನ್ನೂ ಅಳೆಯಬೇಕು. ಅದಕ್ಕೆ ಬೇಕಾದುದು ಒಂದು ಟೇಪು. ಅದರ ಬೆಲೆ ಹೆಚ್ಚೇನೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣು ಬಿಡಿ ಚುಕ್ಕಿಯನ್ನು ಕಾಣಲಾರದಿದ್ದರೂ ಒಂದು ಗೆರೆ ಮುರಿದು ಪಕ್ಕಕ್ಕೆ ಸರಿದಿರುವುದನ್ನು ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಗುರುತಿಸಬಲ್ಲುದು. ವರ್ನಿಯರ್ ಮಾಪಕವನ್ನು ಓದುವಾಗ ನಾವು ಬಳಸುವುದು ಇದೇ ಶಕ್ತಿಯನ್ನು. ಓರೆಯಾದ ಗೆರೆ ಪರದೆಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ, ಗರಗಸದ ಹಲ್ಲಿನಂತೆ ಕಂಡು ಕಿರಿಕಿರಿಯಾಗುವುದು ಇದರಿಂದಲೇ. ಚುಕ್ಕಿಗಳನ್ನು ಹೆಚ್ಚಿಸಿದರೆ ಹಲ್ಲುಗಳು ಸಣ್ಣವಾಗುತ್ತವೆ, ನಿಜ. ಆದರೆ ಅಂಚಿನ ಚುಕ್ಕಿಗೆ ಎರಡು ಕಡೆಯ ಬಣ್ಣಗಳನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಕೊಟ್ಟರೆ ಕಡಮೆ ಚುಕ್ಕಿಗಳಲ್ಲಿಯೇ ಹಲ್ಲು ಮಾಯವಾಗುತ್ತದೆ. ಇದಕ್ಕೆ ಸಾಕ್ಷಿ ಬೇಕೆ? ಹಳೆಯ ಕನ್ನಡ ಚಿತ್ರವೊಂದನ್ನು 720 ಸಾಲುಗಳ ಪರದೆಯ ಮೇಲೆ ನೋಡಿರಿ. ಚುಕ್ಕಿಗಳು ಒಂಬತ್ತು ಲಕ್ಷಕ್ಕೆ ತುಸು ಮೇಲಷ್ಟೆ. ಆದರೂ ನಟನ ಮುಖ ಮುಖವಾಗಿಯೇ, ಮರ ಮರವಾಗಿಯೇ ಕಾಣುತ್ತವೆ. ಎಂಬತ್ತೆರಡು ಲಕ್ಷ ಚುಕ್ಕಿಗಳ ಆಟವಾದರೋ ಬರೆದ ಚಿತ್ರವೆಂದು ಒಂದೇ ನೋಟಕ್ಕೆ ತಿಳಿದುಬಿಡುತ್ತದೆ. ಕ್ಯಾಮೆರಾದ ಒಂದೊಂದು ಚುಕ್ಕಿಯೂ ನಿಸರ್ಗದ ಅಸಂಖ್ಯ ಕಿರಣಗಳ ಸರಾಸರಿ. ನೈಜತೆಯ ಗುಟ್ಟಿರುವುದು ಚುಕ್ಕಿಯ ಸಂಖ್ಯೆಯಲ್ಲಲ್ಲ, ಚುಕ್ಕಿಯ ಸತ್ತ್ವದಲ್ಲಿ.

ಇದು ಆಟಗಳಿಗೆ ಮಾತ್ರ ಸಲ್ಲುವ ನಿಯಮವೂ ಅಲ್ಲ. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋ 2003ರ ಅಕ್ಟೋಬರಿನಲ್ಲಿ ರಿಸೋರ್ಸ್‌ಸ್ಯಾಟ್-1 ಎಂಬ ಉಪಗ್ರಹವನ್ನು ಹಾರಿಸಿತು. ಅದರ ಒಂದು ಕ್ಯಾಮೆರಾ ನೆಲದ ಮೇಲಿನ 5.8 ಮೀಟರ್ ಅಗಲದ ತುಣುಕನ್ನು ಬೇರ್ಪಡಿಸಿ ಕಾಣಬಲ್ಲುದಾಗಿತ್ತು. ಇನ್ನೊಂದಕ್ಕೆ 56 ಮೀಟರಿಗಿಂತ ಕಿರಿದಾದುದು ಬೇರೆಯಾಗಿ ಕಾಣುತ್ತಿರಲಿಲ್ಲ. ಸೂಕ್ಷ್ಮವೇ ಸದಾ ಶ್ರೇಷ್ಠವಾಗಿದ್ದರೆ ಎರಡನೆಯದನ್ನು ಮೇಲಕ್ಕೆ ಕಳುಹಿಸುವ ಕಾರಣವೇ ಇರಲಿಲ್ಲ. ಆದರೆ ಆ ಎರಡನೆಯದು ಒಂದೇ ಹಾಯುವಿಕೆಯಲ್ಲಿ 740 ಕಿಲೋಮೀಟರ್ ಅಗಲದ ನೆಲವನ್ನು ಸೆರೆಹಿಡಿದು ಐದು ದಿನಗಳಿಗೊಮ್ಮೆ ಅದೇ ಹೊಲದ ಮೇಲೆ ಮರಳಿ ಬರುತ್ತಿತ್ತು. ಬೆಳೆಯ ಏರಿಳಿತವನ್ನು ನೋಡಬೇಕಾದವನಿಗೆ ಬೇಕಾದುದು ಪದೇಪದೇ ನೋಟ. ಪ್ರಶ್ನೆ ಯಾವುದೆಂದು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕ ಸೂಕ್ಷ್ಮತೆಯನ್ನು ಆಯ್ದುಕೊಳ್ಳುವುದೇ ವಿಜ್ಞಾನಿಯ ಮಾರ್ಗ.

ಯಂತ್ರಗಳು ದಿನದಿನಕ್ಕೆ ಬಲಿಯುತ್ತಿರುವಾಗ ಈ ತಕರಾರು ತಾನಾಗಿ ತೀರದೆ ಎಂದು ಕೆಲವರು ಕೇಳುವರು. ತೀರುವ ಲಕ್ಷಣ ನಮಗೆ ಕಾಣದು. ತೂಬು ದೊಡ್ಡದಾದಂತೆ ಅಚ್ಚುಕಟ್ಟನ್ನೂ ಹಿಗ್ಗಿಸುವ ಚಪಲ ಬಿಡುವುದಿಲ್ಲ. ಪ್ಲೇಸ್ಟೇಷನ್ 5ರ ಬಲ 10.28 ಲಕ್ಷ ಕೋಟಿ. ಅದರ ಮೊದಲ ಪೆಟ್ಟಿಗೆಗಳ ಮೇಲೆ ‘8ಕೆ’ ಎಂದೂ ಅಚ್ಚಾಗಿತ್ತು. ಎಂದರೆ 3,31,77,600 ಚುಕ್ಕಿಗಳು. ಸೆಕೆಂಡಿಗೆ 30 ಪಟಗಳಂತೆ ಭಾಗಿಸಿ ನೋಡಿದರೆ ಚುಕ್ಕಿಯೊಂದಕ್ಕೆ ಸುಮಾರು 10,300 ಗಣನೆಗಳು. ಏಳು ವರ್ಷ ಹಿಂದಿನ ಯಂತ್ರದ ಪಾಲಿನ ಮೂರನೆಯ ಒಂದು ಭಾಗ! ಹೆಸರಿಗೆ ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಗಾದೆ ನೆನಪಾಗುತ್ತದೆ. ಮುಂದೆ ಬಂದ ಪೆಟ್ಟಿಗೆಗಳಲ್ಲಿ ಆ ಗುರುತು ಇಲ್ಲವಾದುದು ಒಳ್ಳೆಯದೇ ಆಯಿತು.

ಈಗಿನ ಹೊಸ ದಾರಿ ಊಹೆಯ ದಾರಿ. 2024ರ ಪ್ಲೇಸ್ಟೇಷನ್ 5 ಪ್ರೊ, 2025ರ ನಿಂಟೆಂಡೊ ಸ್ವಿಚ್ 2 ಮುಂತಾದ ಯಂತ್ರಗಳು ಕಡಮೆ ಚುಕ್ಕಿಗಳಲ್ಲಿ ಚಿತ್ರ ಬರೆದು, ಅಪಾರ ಚಿತ್ರಗಳಿಂದ ತರಬೇತಿ ಪಡೆದ ಕೃತಕ ಬುದ್ಧಿಮತ್ತೆಯಿಂದ ಉಳಿದವನ್ನು ತುಂಬಿಸಬಲ್ಲವು. ಈ ಊಹೆ ಎಷ್ಟೋ ವೇಳೆ ಬೆರಗಾಗುವಷ್ಟು ಸರಿಯಾಗಿರುತ್ತದೆ; ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಆದರೆ ಇದರಿಂದ ನಮ್ಮ ವಾದ ಮತ್ತಷ್ಟು ಗಟ್ಟಿಯಾಗುತ್ತದೆ. ಪರದೆಯ ಮೇಲಿನ ಚುಕ್ಕಿಗಳ ಸಂಖ್ಯೆಗೂ ಯಂತ್ರ ನಿಜವಾಗಿ ಬರೆದ ಚುಕ್ಕಿಗಳ ಸಂಖ್ಯೆಗೂ ಇದ್ದ ನಂಟು ಈಗ ಬಹುಮಟ್ಟಿಗೆ ಕಡಿದುಹೋಗಿದೆ.

ಪ್ರಯೋಗಶಾಲೆಯಲ್ಲಿ ಇದೇ ದೋಷವನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಸರಳ ಲೋಲಕದ ಉದ್ದವನ್ನು ಮಿಲಿಮೀಟರಿನ ಕೋಲಿನಲ್ಲಿ ಅಳೆದ ವಿದ್ಯಾರ್ಥಿ ಗುರುತ್ವ ವೇಗೋತ್ಕರ್ಷವನ್ನು 9.7826415 ಎಂದು ಬರೆದುಕೊಡುತ್ತಾನೆ. ಗಣಕಯಂತ್ರ ತೋರಿಸಿದ ಅಂಕಿಗಳನ್ನು ಬಿಡಲು ಅವನಿಗೆ ಮನಸ್ಸು ಬಾರದು. ಎರಡನೆಯ ದಶಮಾಂಶ ಸ್ಥಾನವೇ ಸಂದೇಹದಲ್ಲಿರುವಾಗ ಏಳನೆಯದಕ್ಕೆ ಅರ್ಥವೇನು? ಕೋಲು ಅಳೆಯದುದನ್ನು ಅಂಕಿ ಹೇಳಲಾರದು. ಕಣ್ಣು ಕಾಣದ, ಯಂತ್ರ ಬರೆಯದ ಚುಕ್ಕಿಗಳಿಗಾಗಿ ಬೆಲೆ ತೆರುವುದೂ ಈ ಏಳನೆಯ ದಶಮಾಂಶವನ್ನು ನೆಚ್ಚುವುದೂ ಒಂದೇ ಬಗೆಯ ತಪ್ಪು.

ಹಾಗಾದರೆ ಆಗಬೇಕಾದುದೇನು? ಯಂತ್ರ ಮತ್ತು ಆಟಗಳನ್ನು ಮಾರುವವರು ತೋರಿಸುವ ಚುಕ್ಕಿಗಳ ಜೊತೆಗೆ ಬರೆಯುವ ಚುಕ್ಕಿಗಳ ಸಂಖ್ಯೆಯನ್ನೂ ಸೆಕೆಂಡಿನ ಪಟಗಳ ಸಂಖ್ಯೆಯನ್ನೂ ಅಚ್ಚುಹಾಕತಕ್ಕದ್ದು. ಪೊಟ್ಟಣದ ಮೇಲೆ ನಿವ್ವಳ ತೂಕವನ್ನು ಬರೆಯಿರೆಂದು ಕೇಳುವ ನಾವು ಇದನ್ನು ಕೇಳಿದರೆ ತಪ್ಪೇನು? ಈಚಿನ ಅನೇಕ ಆಟಗಳಲ್ಲಿ ಚಿತ್ರದ ಗುಣಕ್ಕೆ ಒಂದು ಕ್ರಮ, ಚಲನೆಯ ನಯಕ್ಕೆ ಇನ್ನೊಂದು ಕ್ರಮ ಎಂದು ಆಯ್ಕೆ ಕೊಡುತ್ತಿರುವುದು ಮೆಚ್ಚತಕ್ಕ ನಡೆ. ಯಂತ್ರದ ಬಲಕ್ಕೆ ಮಿತಿಯುಂಟೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಂತೆ ಅದು. ವಿದ್ಯಾರ್ಥಿಗಳಾದರೋ ಆ ಆಯ್ಕೆಯನ್ನು ಕಣ್ಮುಚ್ಚಿ ಒತ್ತದೆ, ಎರಡನ್ನೂ ಹಾಕಿ ನೋಡಿ, ಯಾವುದರಲ್ಲಿ ಏನು ಹೋಯಿತು, ಏನು ಬಂದಿತು ಎಂದು ಪಟ್ಟಿ ಮಾಡಲಿ. ಮನೆಯಲ್ಲಿಯೇ ದೊರೆಯುವ ಒಳ್ಳೆಯ ಪ್ರಯೋಗವದು.

ಬಿ.ಜಿ. ನಗರದಲ್ಲಿಯೋ ಮಂಡ್ಯದಲ್ಲಿಯೋ ಇಂಜಿನಿಯರಿಂಗ್ ಓದಿ, ನಾಳೆ ಬೆಂಗಳೂರಿನ ಇಂತಹ ಸಂಸ್ಥೆಗಳಲ್ಲಿ ಕುಳಿತು ಇದೇ ಹಂಚಿಕೆಯನ್ನು ಮಾಡಬೇಕಾಗಿ ಬರುವ ತರುಣ ತರುಣಿಯರೂ ಈ ಪತ್ರಿಕೆಯ ವಾಚಕರಲ್ಲಿರಬಹುದು. ಅವರ ಕೈಗೆ ಎಂದೂ ಬೇಕಾದಷ್ಟು ಶಕ್ತಿ ಸಿಗಲಾರದು; ಸಿಕ್ಕಷ್ಟನ್ನು ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂಬ ವಿವೇಕವೇ ಅವರ ನಿಜವಾದ ಬಂಡವಾಳ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು ಹಿರಿಯರು. ಹಾಸಿಗೆಯ ಉದ್ದವನ್ನು ಮೊದಲು ಅಳೆದುಕೊಳ್ಳುವುದನ್ನು ಕಲಿಸುವುದು ಭೌತಶಾಸ್ತ್ರದ ಕೆಲಸ. ದೊಡ್ಡ ಸಂಖ್ಯೆಯೊಂದು ಮುಂದೆ ಬಂದು ನಿಂತಾಗಲೆಲ್ಲ ಅದಕ್ಕಾಗಿ ಬಿಟ್ಟುಕೊಟ್ಟದ್ದೇನು ಎಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬಂದರೆ, ಆಟದಿಂದಲೂ ಒಂದು ಪಾಠ ಕಲಿತಂತಾಯಿತು.